ಚೌಕದೊಳಗಿನ ಟಗರು

ಎಪ್ಪತ್ತರ ದಶಕದ ಒಂದು ಸೋಮವಾರ ವಿಜಾಪುರದ ನಮ್ಮ ಓಣಿಯಲ್ಲಿ ಒಂದು ಗಿಳಿ ಎಡಕ್ಕೆ ತಿರುಗಿತು. ಪ್ರಾಣಹಾನಿ ಆಗಲಿಲ್ಲ. ಆದರೆ ಮಧ್ಯಾಹ್ನದೊಳಗೆ ಸುದ್ದಿ ಓಣಿಯ ಎರಡೂ ತುದಿ ಮುಟ್ಟಿ, ಅಲ್ಲಿಂದ ಹೊರಳಿ ನಮ್ಮ ಮನೆಗೇ ಬಂತು. ಮನೆಯಲ್ಲಿ ಯಾರಾದರೂ ಸ್ವಂತ ಚಿತ್ರ ಮಾಡುತ್ತೇನೆಂದು ಹಟ ಹಿಡಿದರೆ ಇಂಥವು ನಡೆಯುತ್ತಲೇ ಇರುತ್ತವೆ.

ಹಟ ಹಿಡಿದವಳು ನನ್ನ ಹೆಂಡತಿ. ಬಬಲೇಶ್ವರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಇದ್ದದ್ದು ಒಂದೇ ಜಾಗ. ಅವಳ ವಯಸ್ಸಿನ ಮಿತಿ ದಾಟಲು ಉಳಿದದ್ದು ನಾಲ್ಕು ತಿಂಗಳು. ಇದು ತಪ್ಪಿದರೆ ಮತ್ತೆ ಅರ್ಜಿ ಹಾಕುವಂತಿರಲಿಲ್ಲ. ಸಂದರ್ಶನಕ್ಕೆ ಬರುವಾಗ ಪಗಡೆಯಾಟದ ಹಾಸೊಂದನ್ನು ಹೊಲಿದು ತರಬೇಕು, ನಾಲ್ಕು ದಿಕ್ಕಿನ ಪಟ್ಟಿಗಳ ನಡುವಿನ ನಾಲ್ಕು ಮೂಲೆಗೆ ನಾಲ್ಕು ಚಿತ್ರ ಇರಬೇಕು, ಚಿತ್ರ ಸ್ವಂತದ್ದಾಗಿರಬೇಕು, ನಕಲು ಕಂಡರೆ ಅರ್ಜಿ ರದ್ದು ಎಂದು ಪತ್ರ ಬಂದಿತ್ತು.

ಚಿತ್ರವೆಂದರೆ ಕೈ ಹರಿದಂತೆ ಬರೆಯುವುದಲ್ಲ. ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚೌಕ ತುಂಬುತ್ತ ಪ್ರಾಣಿಯನ್ನು ಮಾಡಬೇಕು. ಆಮೇಲೆ ಬಟ್ಟೆಯ ಮೇಲೆ ಒಂದು ಚೌಕಕ್ಕೆ ಒಂದು ಹೊಲಿಗೆ. ಚೌಕಕ್ಕೂ ದುಂಡಗಿನ ಬೆನ್ನಿಗೂ ಆಗಿಬರುವುದಿಲ್ಲ. ಅವಳ ಮೊದಲ ಎಮ್ಮೆಯನ್ನು ನಾನು ಹೊರಸು ಮಂಚ ಎಂದು ತಿಳಿದು, ಹಗ್ಗ ಚೆನ್ನಾಗಿ ಬಿಗಿದಿದ್ದೀ ಎಂದು ಹೊಗಳಿದ್ದೆ.

ಗಿಳಿಗಳ ಮನಸ್ತಾಪ

ಆಗ ಓಣಿಯ ಪ್ರತಿ ಮನೆಯ ಬಾಗಿಲ ಮೇಲೂ ಬಟ್ಟೆಯ ಮೇಲೆ ಹೊಲಿದು ಕಟ್ಟು ಹಾಕಿದ ಎರಡು ಗಿಳಿಗಳು ಎದುರುಬದುರಾಗಿ ಕೂತಿರುತ್ತಿದ್ದವು. ಎಲ್ಲವೂ ಒಂದೇ ಹಾಳೆಯಿಂದ ಹುಟ್ಟಿದವು. ಆ ಹಾಳೆಯನ್ನು ಮೊದಲು ತಂದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ನನ್ನ ಹೆಂಡತಿ ಸ್ವಂತಿಕೆಯ ಮೊದಲ ಪಾಠವೆಂದು ಒಂದು ಗಿಳಿಯ ಮುಖವನ್ನು ಎಡಕ್ಕೆ ತಿರುಗಿಸಿ ಹೊಲಿದು, ಬಾಗಿಲಿಗೆ ತೂಗುಹಾಕಿದಳು.

ಮಧ್ಯಾಹ್ನ ಎದುರುಮನೆಯ ದೊಡ್ಡವ್ವ ಬಂದು ಕೂತರು. ಓಣಿಗೆಲ್ಲ ಅವರು ದೊಡ್ಡವ್ವನೇ.

"ತಂಗಿ, ಖರೇ ಹೇಳು. ಏನರ ಅಂದಾನೇನ ಇಂವ?"

"ಯಾರ್ರಿ?"

"ನಿನ್ನ ಗಂಡ. ಒಂದು ಇನ್ನೊಂದಕ್ಕ ಬೆನ್ನ ಮಾಡಿ ಕುಂತೈತಲ್ಲ ಬೇ ಗಿಳಿ, ಊರಿಗೆಲ್ಲಾ ಕಾಣಾಕತ್ತೈತಿ."

"ಅಯ್ಯ, ಅದು ನನ್ನ ಸ್ವಂತ ನಮೂನಿ ರಿ ದೊಡ್ಡವ್ವ!"

"ಆತು ಬಿಡು. ಮನಿ ಮಾತು ಹೊರಗ ಹೇಳಬಾರದು, ಛಲೋ ಮಾಡಿದಿ" ಎಂದು ಅವರು ನನ್ನ ಕಡೆ ತಿರುಗಿದರು. ಹೆಂಡತಿಯನ್ನು ಹೇಗೆ ನಡೆಸಿಕೊಳ್ಳಬೇಕೆಂದು ಅರ್ಧ ತಾಸು ಹೇಳಿದರು. ನಾನು ಕ್ಷಮೆ ಕೇಳಿದೆ. ಏತಕ್ಕೆಂದು ಇವತ್ತಿಗೂ ತಿಳಿದಿಲ್ಲ. ಆದರೆ ಅದೇ ಕ್ಷಮೆ ಮುಂದೆ ಎರಡು ಜಗಳಕ್ಕೆ ಸಾಕಾಯಿತು.

ಕಿಸೆಯ ಚಿಗರಿ

ನಾನು ಭೂಮಾಪನ ಕಚೇರಿಯಲ್ಲಿ ನಕಾಶೆ ಬರೆಯುವ ಗುಮಾಸ್ತ. ಚೌಕಗಳ ವಿಷಯದಲ್ಲಿ ನನ್ನ ಮುಂದೆ ಯಾರೂ ಮಾತಾಡಬಾರದು ಎಂಬ ಅಭಿಪ್ರಾಯ ನನಗಿತ್ತು. ಒಂದು ರವಿವಾರ ಜಗಲಿಯ ಮೇಲೆ ಕೂತು, ಯಾವ ಪುಸ್ತಕವನ್ನೂ ನೋಡದೆ, ಜಿಗಿಯುತ್ತಿರುವ ಚಿಗರಿಯೊಂದನ್ನು ಚೌಕಕ್ಕಿಳಿಸಿದೆ. ಮುಂಗಾಲು ಮಡಚಿದೆ, ಕತ್ತು ಹಿಂದಕ್ಕೆ ಹೊರಳಿದೆ. ನನಗೇ ಆಶ್ಚರ್ಯವಾಯಿತು.

ಹೆಂಡತಿ ಹಾಳೆಯನ್ನು ಬಹಳ ಹೊತ್ತು ನೋಡಿದಳು. "ಎಲ್ಲಿ ನೋಡಿದ್ರಿ ಇದನ್ನ?"

"ಎಲ್ಲೂ ಇಲ್ಲ. ತಲ್ಯಾಗಿಂದ ಬಂತು."

"ತಲ್ಯಾಗಿಂದಲ್ಲ, ಕಿಸೆದಾಗಿಂದ ಬಂದೈತಿ. ತಗೀರಿ."

ನನ್ನ ಅಂಗಿಯ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಅದರ ಮೇಲೆ ಚಿಗರಿ ಇತ್ತು. ಮುಂಗಾಲು ಮಡಚಿತ್ತು, ಕತ್ತು ಹಿಂದಕ್ಕೆ ಹೊರಳಿತ್ತು. ದಿನಕ್ಕೆ ಹತ್ತು ಸಲ ಅದನ್ನು ನೋಡುತ್ತಿದ್ದೆನಾದ್ದರಿಂದ ನಾನು ಹತ್ತು ವರ್ಷದಿಂದ ನಕಲು ಮಾಡುತ್ತಲೇ ಇದ್ದೆ ಎಂದು ತೀರ್ಮಾನವಾಯಿತು. ಹಾಳೆ ಒಲೆಗೆ ಹೋಯಿತು. ಹಚ್ಚಿದ್ದು ಅದೇ ಪೆಟ್ಟಿಗೆಯ ಕಡ್ಡಿಯಿಂದ.

ಟಗರಿನ ಒಪ್ಪಿಗೆ

ಕಣ್ಣಿಂದ ನೋಡಿ ಬರೆದರೆ ನಕಲಿನ ಮಾತೇ ಬರುವುದಿಲ್ಲ ಎಂದು ಇಬ್ಬರೂ ಬಸ್ಸು ಹತ್ತಿ ತಿಕೋಟಾ ದಾಟಿ ಕಳ್ಳಕವಟಗಿಗೆ ಹೋದೆವು. ಅಲ್ಲಿ ನನಗೆ ಪರಿಚಯದ ಒಬ್ಬ ರೈತನ ಬಳಿ ಹೆಸರಾದ ಟಗರು ಇತ್ತು. ಹೆಂಡತಿ ಬೇವಿನ ಮರದ ಕೆಳಗೆ ಕೂತು ಚೌಕ ತುಂಬಿದಳು. ಯಜಮಾನ ಬೆನ್ನ ಹಿಂದೆ ನಿಂತ.

"ಅಕ್ಕಾರ, ಕಾಲು ಎರಡ ಅದಾವಲ್ರಿ?"

"ಬಾಜೂದಿಂದ ನೋಡಿದ್ರ ಎರಡ ಕಾಣತಾವಪ್ಪ."

ಅವನು ಗಂಭೀರವಾಗಿ ಟಗರಿನ ಬಾಜುವಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಿದ. "ನನಗ ನಾಕೂ ಕಾಣಾಕತ್ತಾವ್ರಿ."

ನಾಲ್ಕು ಕಾಲು ಬಂದವು. ಆಮೇಲೆ ಕೊಂಬಿನ ತಕರಾರು.

"ಇದರ ಕೊಂಬು ಮೂರು ಸುತ್ತ ಐತ್ರಿ. ನೀವು ಒಂದ ಸುತ್ತು ಹಾಕೀರಿ. ನೋಡಿದ ಮಂದಿ ನಾ ಮೇವು ಹಾಕಿಲ್ಲ ಅಂತಾರ."

ಮೂರು ಸುತ್ತು ಹಾಕುವಷ್ಟರಲ್ಲಿ ಹೊತ್ತು ಇಳಿದಿತ್ತು. ಮುಗಿದ ಹಾಳೆಯನ್ನು ಅವನು ಟಗರಿನ ಮುಖದ ಮುಂದೆ ಹಿಡಿದ. ಟಗರು ಅದನ್ನು ಮೂಸಿ, ಬಾಯಿಗೆ ಹಾಕಿಕೊಂಡು, ತಿಂದಿತು.

"ಹಾಂ, ಈಗ ಪಸಂದ ಬಂತ್ ನೋಡ್ರಿ ಅದಕ್ಕ" ಎಂದ ಯಜಮಾನ. ಹೆಂಡತಿ ಬಸ್ಸಿನಲ್ಲಿ ಇಡೀ ಟಗರನ್ನು ನೆನಪಿನಿಂದ ಮತ್ತೆ ತುಂಬಿದಳು.

ಜಪ

ಹಾಸಿನ ಹೊಲಿಗೆ ಶುರುವಾದ ಮೇಲೆ ದೊಡ್ಡವ್ವ ದಿನವೂ ಬರತೊಡಗಿದರು. ಹಾಸಿನ ಎದುರು ಕೂತರೆ ಅವರ ತುಟಿ ಅಲುಗುತ್ತಿತ್ತು, ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ಓಡುತ್ತಿತ್ತು. ವಯಸ್ಸಾದವರು, ಜಪ ಮಾಡುತ್ತಾರೆಂದು ನಾನು ಸಪ್ಪಳ ಮಾಡದೆ ಓಡಾಡುತ್ತಿದ್ದೆ.

"ಜಪ ಎಲ್ಲೀದು, ಹೊಲಿಗಿ ಎಣಸಾಕತ್ತಾರ" ಎಂದಳು ಹೆಂಡತಿ. ಮರುದಿನ ಅವರು ಬಂದ ಕೂಡಲೆ ಹಾಸಿನ ಮೇಲೆ ಚಾದರ ಮುಚ್ಚಿದಳು.

"ಯಾಕ ಬೇ, ಹಾಸಿಗೆ ಥಂಡಿ ಆಗೈತೇನ?"

"ನಕಲ ಆಗಬಾರದ್ರಿ ದೊಡ್ಡವ್ವ, ನೌಕರೀದು."

"ನಮೂನಿ ಅಂದ್ರ ಹೆಪ್ಪು ಇದ್ದಂಗ ತಂಗಿ. ಒಂದ ಚಮಚ ಕೊಟ್ರ ನಿನ್ನ ಗಡಿಗಿ ಬರಿದ ಆಗತೈತೇನ?"

ಅವರ ಮನೆಯ ಹೆಪ್ಪಿನಿಂದಲೇ ನಮ್ಮ ಮೊಸರು ಆಗುತ್ತಿತ್ತು. ಚಾದರ ತೆಗೆದಳು.

ಒಂಬತ್ತನೆಯ ಸಾಲು

ಸಂದರ್ಶನದ ದಿನ ಕೊನೆಗೆ ಉಳಿದವರು ಇಬ್ಬರು: ನನ್ನ ಹೆಂಡತಿ ಮತ್ತು ಅರಕೇರಿಯ ಒಬ್ಬ ಹುಡುಗಿ. ನಾನು ಶಾಲೆಯ ಕಿಟಕಿಯ ಹೊರಗೆ ನಿಂತಿದ್ದೆ. ಪರೀಕ್ಷೆ ಮಾಡುವವರು ದಪ್ಪ ಗಾಜಿನ ಚಾಳೀಸು ಹಾಕಿದ ನಿವೃತ್ತ ಹೊಲಿಗೆ ಶಿಕ್ಷಕಿ; ಎಲ್ಲರೂ ಅವರನ್ನು ಬಾಯಿಯವರು ಎನ್ನುತ್ತಿದ್ದರು. ಯಾವ ಊರಿನ ಹೊಲಿಗೆಯ ಹಂಸ ಯಾವ ಊರಿಂದ ನಕಲಾಗಿ ಬಂದದ್ದೆಂದು ಹೇಳಬಲ್ಲವರೆಂದು ಅವರ ಖ್ಯಾತಿ. ಪಕ್ಕದಲ್ಲಿ ಶಾಲಾ ಸಮಿತಿಯ ಅಧ್ಯಕ್ಷರು, ನಿಡೋಣಿಯವರು. ಅವರಿಗೆ ಹೊಲಿಗೆ ತಿಳಿಯದು, ಪಗಡೆ ತಿಳಿಯುತ್ತದೆ.

ಎರಡು ಹಾಸು ಬಿಚ್ಚಿದರು. ಎರಡರ ನಾಲ್ಕು ಮೂಲೆಯಲ್ಲೂ ಅವೇ ನಾಲ್ಕು ಚಿತ್ರ. ನನ್ನ ಹೆಂಡತಿ ಕುರ್ಚಿಯ ಅಂಚನ್ನು ಹಿಡಿದುಕೊಂಡಳು.

"ಒಬ್ಬಾಕಿ ನಕಲ ಮಾಡೀರಿ. ಯಾರಂತ ಗೊತ್ತಾಗಲಿಲ್ಲಂದ್ರ ಇಬ್ಬರ ಅರ್ಜೀನೂ ರದ್ದು" ಎಂದರು ಬಾಯಿಯವರು.

ಹುಡುಗಿ ತಲೆ ತಗ್ಗಿಸಿದಳು. ಹೆಂಡತಿ "ನಮೂನಿ ನಂದ್ರಿ" ಎಂದಳು, ಆದರೆ ಧ್ವನಿ ಕಿಟಕಿಯ ತನಕ ಬರಲಿಲ್ಲ. ತುಟಿ ಮಾತ್ರ ಕಂಡಿತು.

ಅಷ್ಟು ಹೊತ್ತು ಬೆರಳಿಟ್ಟು ಎಣಿಸುತ್ತಿದ್ದ ಅಧ್ಯಕ್ಷರು ಗುಡುಗಿದರು. "ತಡೀರಿ! ಪಗಡಿ ಪಟ್ಟಿಗೆ ಎಂಟ ಸಾಲು. ಈ ಒಂದು ಪಟ್ಟಿಗೆ ಒಂಬತ್ತು ಅದಾವ. ಇದರಾಗೂ ಒಂಬತ್ತು, ಅದರಾಗೂ ಒಂಬತ್ತು! ಆಡವ್ರು ಏನ ಮಾಡಬೇಕು?"

"ಟಗರಿನ ಕೊಂಬು ಮೂರು ಸುತ್ತ ಐತ್ರಿ" ಎಂದಳು ಹೆಂಡತಿ. "ಎಂಟು ಸಾಲಿನ ಮೂಲ್ಯಾಗ ಹಿಡೀಲಿಲ್ಲ. ಅದಕ್ಕ ಬಾಜೂದ ಪಟ್ಟಿ ಒಂದ ಸಾಲು ಬೆಳಸೀನ್ರಿ."

ಬಾಯಿಯವರು ಹುಡುಗಿಯ ಹಾಸಿನ ಮೇಲೆ ಬಾಗಿದರು. "ನಿನ್ನ ಟಗರಿಗೆ ಕೊಂಬ ಇಲ್ಲಲ್ಲವಾ. ಮತ್ತ ನೀ ಯಾಕ ಬೆಳಸಿದಿ?"

ಹುಡುಗಿ ಸುಳ್ಳು ಹೇಳುವವಳಲ್ಲ. "ನಮ್ಮ ದೊಡ್ಡವ್ವ ಇವರ ಎದುರುಮನ್ಯಾಗ ಇರತಾಳ್ರಿ, ಆಕಿ ಎಣಿಸಿಕೊಂಡ ಬಂದಿದ್ಲ್ರಿ. ಸಾಲು ಎಲ್ಲಾ ಎಣಿಸ್ಯಾಳ, ಟಗರಿನ ಕಾಲು, ಹೊಟ್ಟಿ, ಮಾರಿ ಎಲ್ಲಾ ಎಣಿಸ್ಯಾಳ. ಕಡೀ ದಿನ ಕೊಂಬಿಗೆ ಬರೂದ್ರಾಗ..."

"ಬರೂದ್ರಾಗ?"

"ಈ ಅಕ್ಕಾರು ಚಹಾ ತಂದ್ರಂತ್ರಿ."

ಎಲ್ಲರೂ ನನ್ನ ಹೆಂಡತಿಯನ್ನು ನೋಡಿದರು.

"ಹೌದ್ರಿ, ನಾನ ತಂದಿದ್ದೆ" ಎಂದಳು.

ಹುಡುಗಿಗೆ ವಯಸ್ಸಿನ ಮಿತಿ ದಾಟಲು ಇನ್ನೂ ಆರು ವರ್ಷ ಇದ್ದುದರಿಂದ ಮತ್ತೊಮ್ಮೆ ಸ್ವಂತ ಟಗರಿನೊಂದಿಗೆ ಬರಲು ಹೇಳಿದರು. ನನ್ನ ಹೆಂಡತಿ ಜೂನ್‌ನಲ್ಲಿ ಕೆಲಸಕ್ಕೆ ಸೇರಿದಳು. ಸೇರುವ ಮೊದಲು ಒಂಬತ್ತನೆಯ ಸಾಲನ್ನು ಅಧ್ಯಕ್ಷರು ಅವಳಿಂದಲೇ ಬಿಚ್ಚಿಸಿದರು.