ಹತ್ತಿ ಮಿಲ್ಲಿನ್ಯಾಗ ಹೊಸಾ ಕೂಲಿ

ಹತ್ತಿ ಹಂಗಾಮು ಬಂತಂದ್ರ ನಮ್ಮ ಮಿಲ್ಲಿನ್ಯಾಗ ಇಂಥಾವು ನಡೀತಾನೇ ಇರ್ತಾವ. ಸುರಪುರದಾಗ ನಾ ಗುಮಾಸ್ತ. ಯಾರು ಯಾವ ಪಾಳಿಗಿ ಬರಬೇಕು, ಯಾರಿಗಿ ಎಷ್ಟು ಕೂಲಿ, ಎಲ್ಲಾ ನನ್ನ ಕಂಪ್ಯೂಟರಿನ್ಯಾಗ. ಕೂಲಿ ಹೆಚ್ಚಾದ್ರ ಎಲ್ಲಾರೂ ನಗ್ತಾರ ಅಂತ ನೀವು ತಿಳ್ಕೊಂಡಿರಬಹುದು. ಒಂದು ಸಲ ನನ್ನ ಕುರ್ಚಿ ಮ್ಯಾಲ ಕುಂತು ನೋಡ್ರಿ.

೧. ಅಮಾಸಿ

ಈ ಸಲ ಸಾಹುಕಾರ್ರು ದಿನಗೂಲಿ ಹೆಚ್ಚು ಮಾಡಿದ್ರು. ಸೋಮವಾರದಿಂದ ಹೊಸಾ ದರ ಅಂತ ನಾ ಗ್ವಾಡಿಗಿ ಹಾಳಿ ಹಚ್ಚಿದೆ. ಹತ್ತಿ ಆರಿಸೋ ಹೆಣ್ಮಕ್ಕಳು ಖುಷಿ ಪಡೋದು ಬಿಟ್ಟು ಮಾರಿ ಸಣ್ಣ ಮಾಡ್ಕೊಂಡು ಬಂದ್ರು. ಎಲ್ಲಾರಿಗಿಂತ ಮುಂದ ದೊಡ್ಡವ್ವ. ತಿಂಥಣಿ ಕಡಿಯಾಕಿ, ಮಿಲ್ಲು ಶುರುವಾದಾಗಿಂದ ಇರಾಕಿ. ಹತ್ತಿ ಮುಟ್ಟಿದ್ರ ಸಾಕು, ಹಸಿ ಅದನೋ ಒಣಗ್ಯಾದನೋ ಹೇಳ್ತಾಳ. ಅದಕ್ಕೇ ಆಕಿಗಿ ಉಳಿದವ್ರಿಗಿಂತ ಐವತ್ತು ರೂಪಾಯಿ ಜಾಸ್ತಿ. ಸೋಮವಾರ ಅಮಾಸಿ ಅದ, ಅಮಾಸಿ ದಿನ ಹೊಸಾ ಕೂಲಿ ನಮಗ ಬ್ಯಾಡ, ಮರುದಿನದಿಂದ ಕೊಡ್ರಿ ಅಂದ್ಲು.

ನಾ ಹೋಗಿ ಹೇಳಿದೆ. ಸಾಹುಕಾರ್ರು ಭಾಳ ಖುಷಿಯಾಗಿ, ಮಂಗಳವಾರಾನೂ ಬ್ಯಾಡೇನು ಕೇಳಿ ಬಾ ಅಂದ್ರು.

೨. ಎಲ್ಲಾರಿಗೂ

ಮಂಗಳವಾರ ದರ ಬದಲು ಮಾಡಾಕ ಕುಂತೆ. ಒಬ್ಬೊಬ್ಬರ ಹೆಸರು ತಗದು ತಿದ್ದಬೇಕು. ನಾಕು ಹೆಸರಿಗೇ ಬ್ಯಾಸರ ಬಂತು. ಎಲ್ಲಾರಿಗೂ ಹಚ್ಚಲೇನು ಅಂತ ಕಂಪ್ಯೂಟರು ಕೇಳ್ತು. ಪುಣ್ಯಾತ್ಮ, ಕೇಳಿದ್ದು ಚಲೋ ಆತು ಅಂತ ಹೂಂ ಅಂದೆ. ನೋಡ್ತೀನಿ, ನನ್ನ ಪಗಾರಾನೂ ದಿನಗೂಲಿ ಆಗಿ ಕುಂತದ! ಚಾ ಬರೋದ್ರಾಗ ನಂದು ತಿದ್ದಿದೆ. ದೊಡ್ಡವ್ವಂದು ತಿದ್ದೋದು ಮರತೆ. ಮನಷ್ಯಾನ ಕಣ್ಣು ಮೊದಲು ತನ್ನ ತಾಟು ನೋಡ್ತದ, ಏನ್ ಮಾಡ್ತೀರಿ.

ಹೊಸಾ ಪಟ್ಟಿ ಗ್ವಾಡಿಗಿ ಹೋತು. ಹೋದ ವಾರ ಕೆಲಸಕ್ಕ ಸೇರಿದ ಕಕ್ಕೇರಾದ ಹುಡುಗಿ ಎಲ್ಲಾರಿಗೂ ಓದಿ ಹೇಳಿದ್ಲು. ಆ ಹುಡುಗಿಗೂ ದೊಡ್ಡವ್ವಗೂ ಒಂದೇ ದರ. ದೊಡ್ಡವ್ವ ತನ್ನ ದರ ಎರಡು ಸಲ ಓದಿಸಿದ್ಲು. ಖುಷಿಗಿ ಓದಿಸ್ತಾಳ ಅಂತ ನಾ ತಿಳ್ಕೊಂಡೆ.

೩. ಹೊಸಬಾಕಿ

ಮರುದಿನ ಮುಂಜಾನಿ ಪಾಳಿಗಿ ದೊಡ್ಡವ್ವ ಬಂದು ಹತ್ತಿ ರಾಶಿ ಮುಂದ ಕೈ ಕಟ್ಕೊಂಡು ನಿಂತ್ಲು. ಕಸ ಯಾವ್ದು, ಹತ್ತಿ ಯಾವ್ದು ಅಂತ ಕಕ್ಕೇರಾದ ಹುಡುಗಿನ್ನ ಕೇಳಿದ್ಲು. ಹುಡುಗಿ ಗಾಬರಿ. ಆಮ್ಯಾಲ ದೊಡ್ಡವ್ವ ಕುಡಿಯೋ ನೀರು ಎಲ್ಲಿ ಅದ ಅಂತ ನನ್ನ ಕೇಳಿದ್ಲು. ದಿನಾ ಆ ಹರವಿ ತುಂಬಸಾಕಿ ಆಕಿನೇ. ಈ ಹತ್ತಿ ಮಷೀನಿಗಿ ಹಾಕ್ಲೇನು ಅಂತ ಮಿಸ್ತ್ರಿ ಕೇಳಿದ್ರ, ನನಗೇನ್ ಗೊತ್ತು ಅಂದ್ಲು. ಹಸಿ ಹತ್ತಿ ಹೋದ್ರ ಮಷೀನು ಸಿಕ್ಕೊಂತದ. ಮಿಸ್ತ್ರಿ ಹಾಕಾಕ ಒಲ್ಲೆ ಅಂದ. ಮಷೀನು ಬಂದ್ ಆತು.

ಸಪ್ಪಳ ನಿಂತದ್ದು ಕೇಳಿ ಸಾಹುಕಾರ್ರು ಓಡಿ ಬಂದು, ಏನಾಗ್ಯಾದ ಅಂತ ಕೇಳಿದ್ರು.

"ಏನಿಲ್ರೀ ಸಾವ್ಕಾರ್ರ, ಪಟ್ಟಿಯೊಳಗ ನನಗ ಈ ಹುಡುಗಿ ದರಾನೇ ಬರದಾರ. ಅಂದ್ರ ನಾನೂ ಹೊಸಬಾಕಿ. ಹೊಸಬಾಕಿ ಕೇಳೇ ಕಲೀಬೇಕಲ್ರೀ."

ಸಾಹುಕಾರ್ರು ಪಟ್ಟಿ ನೋಡಿದ್ರು, ಆಮ್ಯಾಲ ನನ್ನ ಮಾರಿ ನೋಡಿದ್ರು. ತಪ್ಪು ನಂದೇ ಅಂತ ಒಪ್ಕೊಂಡೆ. ಆಕಿ ಇಷ್ಟು ವರ್ಷ ದುಡಿದು ಗಳಿಸಿದ ಹೆಚ್ಚಿಗಿನ್ನ ನಾ ಒಂದು ಬಟನ್ ಒತ್ತಿ ಅಳಿಸಿದ್ದೆ. ಖರೇನೇ ನಾಚಿಕಿ ಬಂತು. ನಿನ್ನಿದೂ ಹಿಡಿದು ಐವತ್ತು ರೂಪಾಯಿ ಮತ್ತ ಸೇರಿಸು ಅಂದ್ರು ಸಾಹುಕಾರ್ರು.

ದೊಡ್ಡವ್ವ ರಾಶಿಯೊಳಗ ಕೈ ಹಾಕಿ, ಒಣಗ್ಯಾದ, ಹಾಕು ಅಂದ್ಲು. ಮಷೀನು ಶುರುವಾತು. ಆಮ್ಯಾಲ ಆಕಿ ನನ್ನ ಮೇಜಿನ ಹತ್ರ ಬಂದು ಸಣ್ಣ ದನಿಲೆ ಹೇಳಿದ್ಲು:

"ತಮ್ಮಾ, ಇವತ್ತು ಮುಂಜಾನಿಂದ ಈಗಿನ ತನಕ ಹೊಸಬರ ದರಾನೇ ಬರಿ. ಬರೇ ಕೇಳೀನಿ, ಕೆಲಸ ಎಲ್ಲಿ ಮಾಡೀನಿ?"