ಸೋತ ತೋಳಿನ ಕಸರತ್ತು

ಹೊನ್ನಾವರದಲ್ಲಿ ಫಿಸಿಯೋಥೆರಪಿ ಮಾಡುವ ನನಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ನಗು ಬರುತ್ತದೆ, ಎದುರಿಗಿದ್ದವರ ಸೋತ ಕೈಕಾಲು ಕಂಡು ಅರ್ಧಕ್ಕೇ ನಿಲ್ಲುತ್ತದೆ. ಕಾಸರಕೋಡಿನ ಒಬ್ಬ ಮೀನುಗಾರನದೂ ಹಾಗೆಯೇ. ಪಾರ್ಶ್ವವಾಯು ಹೊಡೆದು ಬಲತೋಳು ಬಿದ್ದಿತ್ತು. ಅವನಿಗೆ ಬೇಕಾದದ್ದು ಒಂದೇ: ದಡದಲ್ಲಿ ಹತ್ತಾರು ಜನ ಸೇರಿ ಎಳೆಯುವ ಕೈರಂಪಣಿ ಬಲೆಯ ಹಗ್ಗವನ್ನು ಮತ್ತೆ ಎಳೆಯಬೇಕು.

೧. ಗೋಡೆ

ಐಸೋಮೆಟ್ರಿಕ್ ವ್ಯಾಯಾಮದಲ್ಲಿ ಸ್ನಾಯು ಬಿಗಿಯಬೇಕು, ಕೈ ಸರಿಯಬಾರದು. "ಗೋಡೆಗೆ ಅಂಗೈ ಕೊಟ್ಟು ತಳ್ಳಿ, ಹತ್ತು ಎಣಿಸಿ" ಎಂದೆ.

"ಗೋಡೆ ಹಂದೂದಿಲ್ಲಲ?"

"ಹಂದಬಾರದು, ಅಲುಗಲೇಬಾರದು."

ವಾರ ಕಳೆದು ಅವನ ಪಕ್ಕದ ಮನೆಯವರು ಬಂದರು. "ಡಾಕ್ಟ್ರೇ, ಆತ ದಿನಾ ಬೆಳಿಗ್ಗೆ ನಮ್ಮ ಕಂಪೌಂಡ್ ತಳ್ತಾ ನಿಂತಿರ್ತ. ಗಡಿ ತಕರಾರು ಮೊದ್ಲೇ ಅದೆ. ನೀವೇ ಹೇಳ್ಕೊಟ್ಟದ್ದಂತೆ?"

ಅವನನ್ನು ಕೇಳಿದೆ. "ನಮ್ಮ ಗೋಡೆ ತಳ್ಳಿ ಬಿದ್ದೋದ್ರೆ ಕಟ್ಟೂದು ಯಾರು ಡಾಕ್ಟ್ರೇ?"

೨. ಬುಟ್ಟಿ

ಭಾರ ಎತ್ತುವಾಗ ಸ್ನಾಯು ಗಿಡ್ಡವಾಗುತ್ತದೆ. ತಡೆದು ತಡೆದು ಇಳಿಸುವಾಗ ಉದ್ದವಾಗುತ್ತಲೇ ದುಡಿಯುತ್ತದೆ. ನೀರಿನ ಬಾಟಲಿ ಕೊಟ್ಟೆ. ಹೇಗೋ ಎತ್ತಿದ, ಇಳಿಸುವಾಗ ದೊಪ್ಪೆಂದು ಬಿಟ್ಟ.

"ನಿಧಾನ! ಇಳಿಸೋದೂ ಕೆಲಸವೇ" ಎಂದೆ.

ಮೀನು ಮಾರಿ ಬಂದ ಅವನ ಹೆಂಡತಿ ಬಾಗಿಲಲ್ಲಿದ್ದಳು. "ಇನ್ನೊಂದ್ಸಲ ಹೇಳಿ ಡಾಕ್ಟ್ರೇ, ಇವ್ರಿಗೆ ಕೇಳೂಹಂಗೆ. ಬುಟ್ಟಿ ತಲೆಗೆ ಏರ್ಸೂಕೆ ನಾಕು ಜನ ಬತ್ರು. ಮನೇಲಿ ಇಳ್ಸೂಕೆ ಕರೆದ್ರೆ, ಇಳ್ಸೂದು ಎಂತ ಕೆಲ್ಸ ಅಂತ ಇವ್ರು ಕೂತೇ ಇರ್ತಿದ್ರು!"

೩. ಹಗ್ಗ

ಮೂರು ತಿಂಗಳಾದರೂ ತೋಳಿಗೆ ಬಲ ಬರಲಿಲ್ಲ. ಇನ್ನು ಬರುವುದೂ ಕಷ್ಟ ಎಂದು ಹೇಳಲೇಬೇಕಾಯಿತು. ಎದ್ದು ಹೋದ.

ಮನಸ್ಸು ತಡೆಯದೆ ಭಾನುವಾರ ಬೆಳಿಗ್ಗೆ ಕಾಸರಕೋಡಿಗೆ ಹೋದೆ. ಬಲೆ ಬರುತ್ತಿತ್ತು. ಹಗ್ಗಕ್ಕೆ ಎಡಗೈ ತಾಗಿಸಿಕೊಂಡು, ತಲೆ ತಗ್ಗಿಸಿ, ಎಲ್ಲರ ಹಿಂದೆ ಅವನಿದ್ದ. ಮೀನು ಹಂಚುವಾಗ ತಂಡದ ಹಿರಿಯ ಅವನಿಗೂ ಪಾಲು ಇಟ್ಟ.

"ನಂಗೆ ಬ್ಯಾಡ. ನಾ ಎಳೀಲಿಲ್ಲ." ಕಣ್ಣು ತುಂಬಿತ್ತು.

ಹಿರಿಯ ಗದರಿದ. "ನೀ ಯಾವಾಗ ಎಳ್ದಿದ್ದೆ ಮಾರಾಯ? ಹಗ್ಗ ಹಿಡ್ಕಂಡು ಐಸಾ ಅಂತ ಕೂಗೂದು, ಸೋಮಾರಿಗಳಿಗೆ ಬಯ್ಯೂದು, ಅಷ್ಟೇ ನಿನ್ನ ಕೆಲ್ಸ. ಇವತ್ತು ನೀ ಬಾಯಿ ಮುಚ್ಚಿದ್ದಕ್ಕೇ ಬಲೆ ತಡ ಆತು!"

ದಡವೆಲ್ಲ ನಕ್ಕಿತು. ಅವನು ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ.

"ಕೇಳ್ದ್ರಾ ಡಾಕ್ಟ್ರೇ? ಮೂರು ತಿಂಗ್ಳು ಕೈಗೆ ಎಂತಕ್ಕೆ ಕಸರತ್ತು ಮಾಡ್ಸಿದ್ರಿ? ಗಂಟ್ಲಿಗೆ ಮಾಡ್ಸಬೇಕಿತ್ತು!"