ಮೇಲೆ ಕೋವರ್ಕಿಂಗ್, ಕೆಳಗೆ ಮಾವ

ನಮ್ಮ ಮಾವನ ಕೈಗೆ ಸಿಕ್ಕ ಯಾವ ವಸ್ತುವೂ ಇದುವರೆಗೆ ಕೆಟ್ಟಿಲ್ಲ. ಕೆಡುವಷ್ಟು ಹೊತ್ತು ಅದು ವಸ್ತುವಾಗಿ ಉಳಿದರೆ ತಾನೆ! ಒಂದು ರೇಡಿಯೋ ಕೊಟ್ಟು ಕಾಫಿ ಕುಡಿದು ಬನ್ನಿ, ರೇಡಿಯೋ ಹೋಗಿ ಮೊರದ ತುಂಬಾ ಸಾಮಾನು ಹರಡಿರುತ್ತದೆ. ಮತ್ತೆ ಜೋಡಿಸುತ್ತಾರೆ, ಇಲ್ಲವೆನ್ನಲಾರೆ. ಆದರೆ ಪ್ರತಿಸಲವೂ ಒಂದು ಸ್ಕ್ರೂ ಮಿಕ್ಕುತ್ತದೆ. "ಅದು ಕಂಪ್ನಿಯೋರು ಎಚ್ಗೆ ಆಕಿರೋದು ಕಣ್ಲಾ" ಎನ್ನುತ್ತಾರೆ!

ಮಾವ ಅಂದರೆ ನಮ್ಮಮ್ಮನ ತಮ್ಮ. ಕುಂತೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದು ರಿಟೈರ್ ಆದವರು. ಅಷ್ಟು ವರ್ಷವೂ ಸೀಲ್ ಮಾಡಿದ ಡಬ್ಬಗಳನ್ನು ಇಸಿದುಕೊಂಡು, ಸೀಲ್ ಇದ್ದ ಹಾಗೆಯೇ ಕೊಡುವ ಕೆಲಸ. ಒಂದನ್ನೂ ತೆರೆದು ನೋಡುವ ಹಾಗಿರಲಿಲ್ಲ. ಆ ಹಸಿವನ್ನೆಲ್ಲ ಈಗ ತೀರಿಸಿಕೊಳ್ಳುತ್ತಿದ್ದಾರೆ, ಏನು ಮಾಡುವುದು?

ಕೊಳ್ಳೇಗಾಲದಲ್ಲಿ ಅವರದೊಂದು ಹಳೆಯ ಕಟ್ಟಡವಿದೆ. ಕೆಳಗೆ ಒಂದು ಕಾಲಕ್ಕೆ ರೇಷ್ಮೆಗೂಡಿನಿಂದ ನೂಲು ತೆಗೆಯುವ ಬಿಚ್ಚಾಣಿಕೆ ನಡೆಯುತ್ತಿತ್ತು. ಮೇಲಿನ ಮಹಡಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಅಲ್ಲಿ ಕೋವರ್ಕಿಂಗ್ ಸ್ಪೇಸ್ ತೆರೆದೆ. ಕಂಪ್ಯೂಟರಿನಲ್ಲಿ ದುಡಿಯುವವರು ಮನೆಯ ಗಲಾಟೆ ತಾಳಲಾರದೆ ಬಂದು, ಬಾಡಿಗೆಗೆ ಒಂದು ಕುರ್ಚಿ ಮೇಜು ಹಿಡಿದು ಕೂರುವ ಜಾಗ ಅದು. ಎಸಿ, ವೈಫೈ, ಗೋಡೆಯ ಮೇಲೆ 'ದಯವಿಟ್ಟು ಮೌನ'. ಮಾವ ಸುಮ್ಮನಿರುತ್ತಾರೆಯೇ? ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಕೆಳಗೆ ಹ್ಯಾಕರ್‌ಸ್ಪೇಸ್ ತೆರೆದೇಬಿಟ್ಟರು! ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಬಿಚ್ಚಬಹುದು, ಸ್ಪ್ಯಾನರು ಸುತ್ತಿಗೆಗಳೆಲ್ಲ ಎಲ್ಲರವು.

"ಮಾವ, ಹ್ಯಾಕರ್ ಅಂದ್ರೆ ಜನ ಕಳ್ಳ ಅಂದ್ಕೊಳ್ತಾರೆ" ಎಂದೆ.

"ಲೇ, ಇದು ಮೊದ್ಲೂ ಬಿಚ್ಚಾಣಿಕೆ ಮನೆ, ಈಗ್ಲೂ ಬಿಚ್ಚಾಣಿಕೆ ಮನೆ. ಆಗ ಗೂಡು ಬಿಚ್ಚುತಿದ್ರು, ಈಗ ಫ್ಯಾನು ಬಿಚ್ಚುತೀವಿ. ಓಗು!"

ಜನ ಕಳ್ಳ ಅಂದುಕೊಂಡಿದ್ದರೂ ಚೆನ್ನಾಗಿತ್ತು. ಆಗಿದ್ದೇ ಬೇರೆ. ನಮ್ಮ ಸೀಮೆಯಲ್ಲಿ ಪದದ ಮೊದಲಿಗೆ 'ಹ' ಬಂದರೆ ನಾಲಿಗೆ ಅದನ್ನು ಅಲ್ಲೇ ಇಳಿಸಿ ಮುಂದೆ ಹೋಗುತ್ತದೆ. ಹನೂರು ಅನೂರಾಗುತ್ತದೆ, ಹಸು ಅಸುವಾಗುತ್ತದೆ. ಹಾಗಾದರೆ ಹ್ಯಾಕರ್ ಏನಾಗಬೇಕು ಹೇಳಿ? ಮಾವ ಹನೂರಿನ ಬಸ್‌ಸ್ಟ್ಯಾಂಡಿನವರೆಗೂ ಸಾರಿಕೊಂಡು ಬಂದರು: "ನಮ್ದು ಎಕ್ರೆ ಸ್ಪೇಸು, ಬನ್ನಿ!"

ಮಾರ್ಟಳ್ಳಿಯಿಂದ ಗಂಡಹೆಂಡತಿ ಬಂದೇಬಿಟ್ಟರು. ಅದೂ ನೇರ ಮೇಲಿನ ಮಹಡಿಗೆ.

"ಎಷ್ಟೆಕ್ರೆ ಅದೆ ಸಾ? ಬೋರ್ ಅದಾ?"

ಲ್ಯಾಪ್‌ಟಾಪುಗಳ ಹಿಂದಿನಿಂದ ತಲೆಗಳು ಎದ್ದವು. ಅವರನ್ನು ಕೆಳಗೆ ಕರೆದುಕೊಂಡು ಹೋದೆ. ಆ ಹೆಂಗಸು ಒಳಗೆಲ್ಲ ಕಣ್ಣಾಡಿಸಿ, "ಇದ್ಕೆ ಎಕ್ರೆ ಅಂದ್ರಾ? ನಮ್ ಕೊಟ್ಗೆನೇ ಇದ್ಕಿಂತ ದೊಡ್ದು!" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಕರೆಯೇನೂ ಬೇಡ, ನಾನೊಬ್ಬ ಹಿಡಿಸುವಷ್ಟು ಸಾಕಿತ್ತು. ಮಾವ ಮಾತ್ರ ಅವರನ್ನು ಕೂರಿಸಿ, ಟೀ ತರಿಸಿ, ಅವರ ಟಾರ್ಚನ್ನೇ ಬಿಚ್ಚಿದರು.

ಯಳಂದೂರಿನ ಮರ್ಯಾದೆ ಹರಾಜನ್ನು ಹೇಳಲೋ ಬೇಡವೋ! ಅದು ನನ್ನ ಹೆಂಡತಿಯ ತವರು. ಗೃಹಪ್ರವೇಶದ ಬೆಳಿಗ್ಗೆ ಎಲೆ ಹಾಕಿ ಇಡ್ಲಿ ಬಡಿಸಿಯಾಗಿದೆ, ಚಟ್ನಿಯ ಸುಳಿವಿಲ್ಲ. ಹುಡುಕಿದರೆ ಹಿತ್ತಲಲ್ಲಿ ಮಾವ, ಸುತ್ತಲೂ ಮಿಕ್ಸಿ! ಹೆಂಡತಿ ನನ್ನನ್ನು ನೋಡಿದ ನೋಟವಿದೆಯಲ್ಲ, ಅದನ್ನು ಯಾವ ಸ್ಪ್ಯಾನರಿನಿಂದಲೂ ಸಡಿಲಿಸಲಾಗಲಿಲ್ಲ. ಮಾವನ ಸಮಾಧಾನ ಕೇಳಿ: "ಚಟ್ನಿಯ ಯಾವಾಗ್ಲಾದ್ರೂ ತಿನ್ಬೋದು. ಮೋಟ್ರು ಒಳಗ ನೋಡೋ ಯೋಗ ಎಲ್ರಿಗೂ ಬತ್ತದಾ?"

ಒಂದು ದಿನ ಮೇಲೆ ಬಂದು ನನ್ನ ವೈಫೈ ಪೆಟ್ಟಿಗೆಯನ್ನೂ ಬಿಚ್ಚಿದರು. ನೆಟ್ ಹೋಯಿತು. ಇನ್ನೇನು, ಎಲ್ಲರೂ ಕುರ್ಚಿ ಬಿಟ್ಟು ಹೊರಡುತ್ತಾರೆ ಎಂದು ನಾನು ನಡುಗುತ್ತಿದ್ದರೆ, ಎಲ್ಲರೂ ಬಂದು ಮಾವನ ಸುತ್ತ ಕೂತರು! ಒಬ್ಬರು ಟಾರ್ಚ್ ಹಿಡಿದರು, ಒಬ್ಬರು ಸ್ಕ್ರೂ ಎಣಿಸಿದರು. ತಿಂಗಳುಗಟ್ಟಲೆ ಅಕ್ಕಪಕ್ಕ ಕೂತವರು ಒಬ್ಬರ ಹೆಸರನ್ನೊಬ್ಬರು ಕೇಳಿದ್ದು ಅವತ್ತೇ. ಮಾವ ನನ್ನತ್ತ ತಿರುಗಿ, "ನಿನ್ ತಾವು ಎಲ್ರೂ ಒಟ್ಗೆ ಕೂತ್ಕಂಡು ಒಬ್ಬೊಬ್ರೇ ಅವ್ರೆ ಕಣ್ಲಾ. ನನ್ ತಾವು ಒಬ್ಬನ ಕೆಲ್ಸವ ಎಲ್ರೂ ಕೆಡುಸ್ತಾರೆ. ಅಷ್ಟೇಯ ಯತ್ಯಾಸ" ಎಂದರು. ನನಗೆ ನಗು ಬರಲಿಲ್ಲ. ಕುರ್ಚಿಗಳಲ್ಲಿ ಅರ್ಧ ಬಾಡಿಗೆಗೆ ಹೋಗದೆ ಖಾಲಿ ಬಿದ್ದಿದ್ದವು. ಹೀಗೇ ಆದರೆ ಮಹಡಿಗೆ ಬೀಗ ಹಾಕಬೇಕಿತ್ತು.

ಅಷ್ಟರಲ್ಲಿ ಮೈಸೂರಿನ ಒಂದು ಕಂಪನಿಯವರು, ಈ ಕಡೆಯ ತಮ್ಮ ಹುಡುಗರಿಗಾಗಿ ಖಾಲಿ ಕುರ್ಚಿಗಳನ್ನೆಲ್ಲ ಹಿಡಿಯುತ್ತೇವೆ ಎಂದರು. ಒಂದೇ ಷರತ್ತು, ಜಾಗ ಶಾಂತವಾಗಿರಬೇಕು. ಕಳೆದ ವಾರ ಅವರ ಮ್ಯಾನೇಜರ್ ನೋಡಲು ಬಂದರು. ಬೆಳಿಗ್ಗೆಯೇ ಮಾವನಿಗೆ ಕೈಮುಗಿದು, "ಇವತ್ತೊಂದು ದಿನ ಸುತ್ತಿಗೆ ಮುಟ್ಟಬೇಡಿ" ಎಂದಿದ್ದೆ. ಮುಟ್ಟಲಿಲ್ಲ. ಆದರೆ ನಾವು ಮೆಟ್ಟಿಲಿಳಿದು ಬರುವಾಗ ಮಾಸಿದ ಬನಿಯನ್ನಿನಲ್ಲಿ, ಕೈಯೆಲ್ಲ ಗ್ರೀಸು ಬಳಿದುಕೊಂಡು ಬಾಗಿಲಲ್ಲೇ ನಿಂತಿದ್ದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ಮ್ಯಾನೇಜರ್ ಒಳಗೆ ಇಣುಕಿ ಮೂಗು ಮುರಿದು, "ಇದೇನಿದು? ಮೇಲಿನದಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯೇ?" ಎಂದು ನನ್ನನ್ನು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಸೊಂಟ ಬಗ್ಗಿಸಿ ನಿಂತರು.

"ಏನೂ ಸಂಬಂದ ಇಲ್ಲ ಸಾ. ನಾ ಕೆಳಗಿನ ಬಾಡ್ಗೆಯವ್ನು. ಓನರ್ ಸಾಯೇಬ್ರು ಬಾಳ ಒಳ್ಳೆಯೋರು" ಎಂದು ನನ್ನತ್ತ ಕೈ ತೋರಿಸಿದರು. "ಸದ್ದು ಮಾಡ್ಬ್ಯಾಡ ಅಂದ್ರೆ ಮಾಡಲ್ಲ. ಅಲ್ವಾ ಸಾ?"

ನನ್ನನ್ನು 'ಸಾ' ಎಂದರು! ನಾನು ಕೂಸಾಗಿದ್ದಾಗ ಹೆಗಲ ಮೇಲೆ ಹೊತ್ತು ತಿರುಗಿದವರು. ನಾನು ಗೋಣು ಹಾಕಿದೆ. ಹಾಕಿದ್ದು ನಾನೇ, ಬೇರೆ ಯಾರೂ ಅಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಕಾರು ಹೋದ ಮೇಲೆ ತಲೆ ತಗ್ಗಿಸಿಕೊಂಡು ಕೆಳಗೆ ಬಂದೆ. ಮಾವ ಓಡಿಬಂದು ಗ್ರೀಸಿನ ಕೈಯಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಒಪ್ಕಂಡ್ರಾ?"

"ಒಪ್ಕೊಂಡ್ರು ಮಾವ."

"ಸದ್ಯ! ಎಲ್ಲಿ ಬಾಯ್ತಪ್ಪಿ ನಿನ್ನ 'ಲೇ' ಅಂದ್ಬುಡ್ತೀನೋ ಅಂತ ಎದೆ ಡವಡವ ಅಂತಿತ್ತು ಕಣ್ಲಾ!"

"ಅನ್ನಿ ಮಾವ" ಎಂದೆ. "ಅವರು ಬಂದು ಕೂತ ಮೇಲೂ ಅನ್ನಿ. ಮೇಲಕ್ಕೆ ಕೇಳಿಸುವ ಹಾಗೇ ಅನ್ನಿ." ಅಷ್ಟು ಹೇಳುವುದರೊಳಗೆ ನನಗೆ ಅಳು ಬಂದುಬಿಟ್ಟಿತು.